ಅಣ್ಣ ನುಡಿಸದೆ ಬಿಟ್ಟ ಸಾಲು

ಫೆಬ್ರವರಿ ೯

ಪ್ರೀತಿಯ ಪುಟ್ಟಿ,

ಮೊದಲು ನಿನ್ನ ಬೈಗುಳ ಏನೇನಿದೆಯೋ ಬೈದು ಮುಗಿಸು, ಆಮೇಲೆ ಓದು. ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು. ಚಳಿಗಾಲ, ಕೋಟು ಕಂಬಳಿಗಳ ರಾಶಿ, ನಮ್ಮ ಲಾಂಡ್ರಿಯಲ್ಲಿ ತಲೆ ಎತ್ತೋಕೆ ಪುರುಸೊತ್ತಿರಲಿಲ್ಲ ಅಂತ ಬರೆದುಬಿಡಬಹುದು. ನೀನು ನಂಬಲ್ಲ. ಏನು ಉತ್ತರ ಕೊಡಬೇಕು ಅಂತ ಗೊತ್ತಾಗಲಿಲ್ಲ, ಅದಕ್ಕೇ ತಡ ಆಯ್ತು. ಫೋನ್ ಮಾಡೋಣ ಅಂದರೆ ನನ್ನ ಕಿವಿಯ ಕಥೆ ನಿನಗೆ ಗೊತ್ತಲ್ಲ, ಜೀವಮಾನವಿಡೀ ಡ್ರಮ್ಸಿನ ಕಂಚಿನ ಸಿಂಬಲ್ ಪಕ್ಕ ಕೂತು ಅದು ಯಾವಾಗಲೋ ಕೈಕೊಟ್ಟಿದೆ. ನಾನು ಕಿರುಚಬೇಕು, ನೀನು ಕಿರುಚಬೇಕು, ನಿಮ್ಮಪ್ಪ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳಬೇಕು. ಕಾಗದವೇ ವಾಸಿ.

ಡಾಕ್ಟರು ಹೆರಿಗೆ ಆಗೋವರೆಗೂ ಹಾಸಿಗೆ ಬಿಟ್ಟು ಏಳಬೇಡ ಅಂದಿದ್ದಾರಂತೆ. ಏಳಬೇಡ. ದೊಡ್ಡವರ ಮಾತು ಇದೊಂದು ಸಲವಾದರೂ ಕೇಳು. ನಿನ್ನ ಗಂಡನೇ ಎರಡು ಹೊತ್ತೂ ಅಡುಗೆ ಮಾಡ್ತಾನೆ ಅಂತ ಬರೆದಿದ್ದೀಯ. ಆ ಸಾಲು ಓದಿ ನಿನ್ನ ಚಿಕ್ಕಮ್ಮ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಬೇಡಪ್ಪ ಬೇಡ. ಇನ್ನು ಮೇಲೆ ಅಂಥ ಸುದ್ದಿ ಬೇರೆ ಹಾಳೆಯಲ್ಲಿ ಬರಿ.

ಈಗ ನಿನ್ನ ಪ್ರಶ್ನೆ. ಕನ್ನಡಕದವರು ಕಳಿಸಿದ ರೆಕಾರ್ಡಿಂಗನ್ನ ಮಲಗಿದಲ್ಲೇ ಮತ್ತೆ ಮತ್ತೆ ಕೇಳಿದೆ, ಅಪ್ಪ ಇಷ್ಟು ಚೆನ್ನಾಗಿ ಯಾವತ್ತೂ ನುಡಿಸಿಲ್ಲ, ಮೈ ಜುಂ ಅಂತು ಅಂತ ಪುಟಗಟ್ಟಲೆ ಹೊಗಳಿದ್ದೀಯ. ಕೊನೆಗೆ ಮೂಲೆಯಲ್ಲಿ ಸಣ್ಣಗೆ, ‘ಚಿಕ್ಕಪ್ಪ, ಗೂಡ್ಸ್ ಗಾಡಿ ಹಾಡಿನಲ್ಲಿ ವಾಪಸ್-ಬಾ ಎಲ್ಲಿ?’ ಅಂತ ಕೇಳಿದ್ದೀಯ. ಊರಿಗೆ ಊರೇ ಆ ಶೋವನ್ನ ತಲೆ ಮೇಲೆ ಹೊತ್ತುಕೊಂಡು ಕುಣೀತಿದೆ. ಒಂದು ನರಪಿಳ್ಳೆಯೂ ಈ ಪ್ರಶ್ನೆ ಕೇಳಲಿಲ್ಲ. ನೀನು ಕೇಳಿದೆ.

ಕೇಳದೆ ಇರ್ತೀಯಾ? ಅದಕ್ಕೆ ಹೆಸರಿಟ್ಟವಳೇ ನೀನು. ನಮ್ಮ ಬ್ಯಾಂಡಿನಲ್ಲಿ ಇರೋದು ಅದೊಂದೇ ಕಾನೂನು. ಹಾಡು ಎರಡು ಚರಣ ಹಾಡ್ತೀವಿ, ಆಮೇಲೆ ಅದನ್ನ ಅಲ್ಲೇ ಬಿಟ್ಟು ಹೊರಟುಬಿಡ್ತೀವಿ. ಎಲ್ಲಿಗೆ ಅಂತ ನಮಗೂ ಗೊತ್ತಿರಲ್ಲ. ನಿಮ್ಮಪ್ಪ ಗಿಟಾರಿನಲ್ಲಿ ಏನೋ ಒಂದು ಮಾತು ಎತ್ತುತ್ತಾನೆ, ಟೀಚರಮ್ಮ ಕೀಬೋರ್ಡಿನಲ್ಲಿ ಅದಕ್ಕೆ ಎದುರು ಮಾತಾಡ್ತಾರೆ, ಬೇಸ್ ಹಿಡಿದ ಮೌನಿ ಅಡಿಯಿಂದ ಹೂಂಗುಡ್ತಾನೆ, ನಾನು ಡ್ರಮ್ಮಿನಲ್ಲಿ ತಾಳ ಹಾಕ್ತಾ ಎಲ್ಲರ ಹಿಂದೆ ಓಡ್ತೀನಿ. ಎಷ್ಟೇ ದೂರ ಹೋಗಲಿ, ಸಾಕು ಅನ್ನಿಸಿದಾಗ ನಿಮ್ಮಪ್ಪ ಆ ಪುಟ್ಟ ಸಾಲು ನುಡಿಸ್ತಾನೆ. ಮೆಟ್ಟಿಲು ಇಳಿದು ಬರೋ ಹಾಗೆ ನಾಲ್ಕು ಸ್ವರ, ಕೊನೇದನ್ನ ಒಂಚೂರು ಎಳೆದು. ಅದು ಕಿವಿಗೆ ಬಿದ್ದ ತಕ್ಷಣ ಯಾರು ಎಲ್ಲಿದ್ದರೂ ಅಲ್ಲಿಂದಲೇ ವಾಪಸ್ ಬಂದು ಕೊನೆಯ ಚರಣಕ್ಕೆ ಸೇರಿಕೊಳ್ಳಬೇಕು. ಲಾಂಡ್ರಿ ಹಿಂದಿನ ಕೋಣೆಯಲ್ಲಿ, ನೇತುಹಾಕಿದ ಅಂಗಿಗಳ ಮಧ್ಯೆ ನಾವು ಪ್ರಾಕ್ಟೀಸ್ ಮಾಡುವಾಗ ನೀನು ಇಸ್ತ್ರಿ ಮೇಜಿನ ಕೆಳಗೆ ಕೂತು ಅದಕ್ಕೇ ಕಾಯ್ತಿದ್ದೆ. ಅದು ಬಂದರೆ ಅಪ್ಪ ಎತ್ತಿಕೊಳ್ತಾನೆ, ಊಟ ಹಾಕ್ತಾನೆ ಅಂತ ನಿನ್ನ ಲೆಕ್ಕ.

ಪುಟ್ಟಿ, ನಿಮ್ಮಪ್ಪನಿಗೆ ಆ ಸಾಲು ಮರೆತುಹೋಗಿತ್ತು.

ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ಅವತ್ತು ಹಳೇ ಉಗ್ರಾಣದ ಹಾಲಿನಲ್ಲಿ ಶೋ. ತಗಡಿನ ಮಾಡು, ಸಾಯಂಕಾಲದ ಬಿಸಿಲು ಕಿಟಕಿಯಿಂದ ನೇರವಾಗಿ ನನ್ನ ಕಣ್ಣಿಗೇ ಹೊಡೀತಿತ್ತು. ಗೂಡ್ಸ್ ಗಾಡಿ ಎತ್ತಿಕೊಂಡೆವು, ಹೊರಟೆವು. ಎಷ್ಟು ಚೆನ್ನಾಗಿ ಹೊರಟೆವು ಅಂತೀಯ! ಅಣ್ಣ ದಪ್ಪ ತಂತಿಯ ಮೇಲೆ ಗಾಡಿ ಎಳೆದ ಹಾಗೆ ಎಳೆದು ಎಳೆದು ನುಡಿಸ್ತಿದ್ದ, ಮೌನಿ ಅದಕ್ಕೆ ಚಕ್ರ ಕಟ್ಟಿದ. ಆಮೇಲೆ ಅಣ್ಣ ಸಣ್ಣ ತಂತಿಗೆ ಹಾರಿದ. ಈಗ ಬರುತ್ತೆ ವಾಪಸ್-ಬಾ ಅಂತ ನಾನು ಕೋಲು ಎತ್ತಿ ಕಾದೆ. ಬರಲಿಲ್ಲ. ಅವನು ಇನ್ನೊಂದು ಸುತ್ತು ಹೋದ. ಮತ್ತೆ ಕಾದೆ. ಆಗ ಅವನ ಮುಖ ನೋಡಿದೆ. ಬೀಗ ಹಾಕಿದ ಬಾಗಿಲ ಮುಂದೆ ನಿಂತು ಒಂದೊಂದೇ ಜೇಬು ತಡಕೋ ಮನುಷ್ಯನ ಮುಖ. ಇದಾ? ಅಲ್ಲ. ಇದಾ? ಅಲ್ಲ. ನೀವೆಲ್ಲ ಮೈ ಜುಂ ಅಂತು ಅಂತೀರಲ್ಲ, ಆ ಭಾಗ ಇದು. ಅವನು ಹುಡುಕ್ತಾ ಇದ್ದ.

ಸುಳ್ಳು ಹೇಳಲ್ಲ, ಅದು ನಿಜಕ್ಕೂ ಚೆನ್ನಾಗಿತ್ತು. ಅದೇ ನನ್ನ ಹೊಟ್ಟೆ ಉರಿಸೋದು. ಇಷ್ಟು ವರ್ಷ ಅವನಿಗೆ ಕೆಲವು ದಾರಿ ರೂಢಿಯಾಗಿತ್ತು, ಅತ್ತ ಹೋಗಿ ಇತ್ತ ಬರೋದು, ಜನ ಎಲ್ಲಿ ಚಪ್ಪಾಳೆ ತಟ್ತಾರೆ ಅಂತ ಅವನಿಗೆ ಗೊತ್ತಿತ್ತು. ಅವತ್ತು ಆ ದಾರಿ ಒಂದೂ ಇರಲಿಲ್ಲ. ಒಂದೊಂದು ಸ್ವರವನ್ನೂ ಆಗ ತಾನೇ ಕಂಡವನ ಹಾಗೆ ಮುಟ್ಟಿ ನೋಡ್ತಿದ್ದ. ಕೊನೆಗೆ ಟೀಚರಮ್ಮ ತಡೀಲಾರದೆ ಕೊನೆಯ ಚರಣವನ್ನ ತಾವೇ ಬಾಯಿಬಿಟ್ಟು ಹಾಡಿಬಿಟ್ಟರು. ಮಾತು ಕೇಳಿ ಅಣ್ಣನಿಗೆ ಹಾಡು ಗೊತ್ತಾಯ್ತು, ಹಿಂದೆಯೇ ಬಂದ. ವ್ಯಾನಿನಲ್ಲಿ ವಾಪಸ್ ಬರುವಾಗ ನನ್ನ ಕಿವಿಯ ಹತ್ತಿರ ಬಂದು, “ಲೋ, ಇವತ್ತು ಹಾಡು ಹೇಗೋ ಮುಗೀತು?” ಅಂದ. “ಚೆನ್ನಾಗೇ ಮುಗೀತು ಬಿಡಣ್ಣ” ಅಂದೆ. ಬೇರೇನು ಹೇಳಲಿ?

ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋ ಮೊದಲೇ ಕನ್ನಡಕದವರು ಹಾಜರ್. ನಿನಗೆ ಗೊತ್ತಲ್ಲ ಅವರು, ಊರುಗೋಲಿಗೆ ಮೈಕು ಕಟ್ಟಿ ನಮ್ಮ ಒಂದೊಂದು ಶೋವನ್ನೂ ರೆಕಾರ್ಡ್ ಮಾಡೋರು, ಕನ್ನಡಕದ ಅಂಗಡಿ ಹೆಂಡತಿ ಮೇಲೆ ಬಿಟ್ಟು ಊರೂರು ತಿರುಗೋರು. “ಇಷ್ಟು ವರ್ಷದಲ್ಲಿ ಇಂಥ ಗೂಡ್ಸ್ ಗಾಡಿ ಇನ್ನೊಂದಿಲ್ಲ ಸ್ವಾಮಿ! ನಿಮ್ಮಣ್ಣ ವಾಪಸ್ಸೇ ಬರಲಿಲ್ಲ ನೋಡಿ, ಏನು ಎದೆಗಾರಿಕೆ!” ಅಂದರು. ನನಗೆ ಇಸ್ತ್ರಿ ಪೆಟ್ಟಿಗೆ ಎತ್ತಿ ಕುಕ್ಕಬೇಕು ಅನ್ನಿಸ್ತು.

ಬರೀ ಸ್ಟೇಜಿನ ಮೇಲೆ ಆಗಿದ್ದರೆ ವಯಸ್ಸು ಅಂತ ಬಿಡಬಹುದಿತ್ತು. ನಮ್ಮ ಅಂಗಡಿಯಲ್ಲಿ ಅಣ್ಣ ಡಾಕ್ಟರ ಬಿಳಿ ಕೋಟನ್ನ ಮಾಂಸದ ಅಂಗಡಿಯವನಿಗೆ ಕೊಟ್ಟು ಕಳಿಸಿದ್ದಾನೆ. ಅವನು ಇಡೀ ದಿನ ಹಾಕಿಕೊಂಡು ಕತ್ತಿ ಹಿಡಿದು ನಿಂತಿದ್ದಾನೆ, ಅಳತೆ ಸರಿಯಾಗಿದೆ ಅಂತ ವಾಪಸ್ಸೂ ಕೊಡಲೊಲ್ಲ. ನಾವು ಬಿದ್ದು ಬಿದ್ದು ನಕ್ಕೆವು, ಅಣ್ಣನೂ ನಕ್ಕ. ಆಮೇಲೆ ಒಬ್ಬನೇ ಒಳಗೆ ಹೋಗಿ ಎಷ್ಟೋ ಹೊತ್ತು ಬರಲಿಲ್ಲ. ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇದು ವಾಸಿಯಾಗೋದಲ್ಲ, ನಿಧಾನ ಮಾಡಬಹುದು ಅಷ್ಟೇ, ಅದೂ ಖಾತ್ರಿಯಿಲ್ಲ ಅಂದರು. ಸಂಗೀತ ಬಿಡಿಸಬೇಡಿ, ಕೊನೆಗೆ ಹೋಗೋದು ಅದೇ ಇರಬಹುದು ಅಂದರು.

ನೀನು ಈ ಸ್ಥಿತಿಯಲ್ಲಿ ಇರುವಾಗ ಹೇಳಬಾರದಿತ್ತೇನೋ. ಆದರೆ ಕೇಳಿದವಳು ನೀನು, ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದನ್ನ ಊಹೆ ಮಾಡಿಕೊಳ್ತೀಯ. ಅಳಬೇಡ. ಅತ್ತರೂ ಮಲಗಿಕೊಂಡೇ ಅಳು.

ನಿನ್ನ ಚಿಕ್ಕಪ್ಪ


ಏಪ್ರಿಲ್ ೨೧

ಪುಟ್ಟಿ,

ನಿನ್ನ ಎರಡೂ ಕಾಗದ ತಲುಪಿದವು. ನೀನು ಹೇಳಿದ ಉಪಾಯ ಮಾಡಿ ನೋಡಿದೆವು. ಫಲ ಸಿಗಲಿಲ್ಲ. ಅದಕ್ಕೇ ಈ ಸಲ ಉದ್ದಕ್ಕೆ ಬರೆಯೋ ಮನಸ್ಸಿಲ್ಲ, ಆದರೂ ನಿನಗೆ ಹೇಳದೆ ಇರೋ ಹಾಗಿಲ್ಲ.

‘ಅಪ್ಪನಿಗೆ ಮರೆತರೆ ಏನಂತೆ, ನೀವು ನುಡಿಸಿ ಕರೀರಿ, ಅಪ್ಪ ಬಂದೇ ಬರ್ತಾನೆ’ ಅಂತ ಬರೆದಿದ್ದೆ. ಓದಿ ನನಗೆ ಹೋದ ಜೀವ ಬಂದ ಹಾಗಾಯ್ತು. ಹೌದಲ್ಲ, ಆ ಸಾಲು ಅವನೊಬ್ಬನ ಸ್ವತ್ತೇ? ಟೀಚರಮ್ಮನಿಗೆ ಹೇಳಿದೆ. ಅವರು ಶಾಲೆಯಲ್ಲಿ ಲೆಕ್ಕ ಹೇಳಿಕೊಡೋರು, ಯಾವುದನ್ನೂ ಸುಮ್ಮನೆ ಒಪ್ಪೋರಲ್ಲ. ಅವರೂ “ಇಷ್ಟು ದಿನ ಯಾಕೆ ಹೊಳೀಲಿಲ್ಲ ನಮಗೆ?” ಅಂದರು. ಮೌನಿ ತಲೆ ಆಡಿಸಿದ. ಅವನ ಮಟ್ಟಿಗೆ ಅದು ಭಾಷಣ.

ಕಾಲೇಜಿನ ಬಯಲಿನಲ್ಲಿ ಶೋ. ಹುಡುಗರು ಹುಲ್ಲಿನ ಮೇಲೆ ಕೂತಿದ್ದರು. ಗೂಡ್ಸ್ ಗಾಡಿ ಹೊರಟಿತು, ಅಣ್ಣ ಎಂದಿನ ಹಾಗೆ ಮುಂದೆ ಮುಂದೆ ಹೋದ. ಟೀಚರಮ್ಮ ನನ್ನ ಕಡೆ ನೋಡಿದರು, ನಾನು ಹೂಂ ಅಂದೆ. ಆ ನಾಲ್ಕು ಸ್ವರ ನುಡಿಸಿದರು. ಎಷ್ಟು ಮೃದುವಾಗಿ ನುಡಿಸಿದರು ಗೊತ್ತಾ, ಮಲಗಿದ ಮಗುವನ್ನ ಎಬ್ಬಿಸೋರ ಹಾಗೆ. ಅಣ್ಣ ಸರಕ್ಕನೆ ತಿರುಗಿದ. ಮುಖ ಅರಳಿತು. ಬಂದ, ಸಿಕ್ಕಿದ ಅಂತ ನಾನು ಮೌನಿ ಇಬ್ಬರೂ ಕೊನೆಯ ಚರಣಕ್ಕೆ ಕಾಲಿಟ್ಟೂಬಿಟ್ಟೆವು.

ಅವನು ಬರಲಿಲ್ಲ ಕಣೇ. ಅದು ಅವನಿಗೆ ಹೊಸ ಸಾಲು. ಯಾರೋ ಚೆಂದದ ಆಟದ ಸಾಮಾನು ಕೊಟ್ಟ ಹಾಗೆ ತಗೊಂಡ, ತಿರುಗಿಸಿ ನೋಡಿದ, ತಲೆಕೆಳಗು ಮಾಡಿದ, ಇಳಿದು ಬರೋ ಸಾಲನ್ನ ಮೇಲಕ್ಕೆ ಹತ್ತಿಸಿದ, ಕೊನೆಯ ಸ್ವರ ಎಳೆಯೋ ಕಡೆ ತುಂಡು ಮಾಡಿದ. ಅದನ್ನ ಹಿಡಿದುಕೊಂಡೇ ಇನ್ನೂ ದೂರ ಹೊರಟುಹೋದ. ನಾವು ಕರೀತಾ ಇದ್ದೀವಿ, ಆ ಕರೆಯನ್ನೇ ತಗೊಂಡು ಅವನು ಓಡ್ತಾ ಇದ್ದಾನೆ. ಟೀಚರಮ್ಮ ಇನ್ನೊಮ್ಮೆ ನುಡಿಸಿದರು, ಮೌನಿಯೂ ನುಡಿಸಿದ, ನಾನು ಡ್ರಮ್ಮಿನ ಮೇಲೆ ಅದೇ ಲಯ ಕುಟ್ಟಿದೆ. ಒಂದೊಂದಕ್ಕೂ ಅವನು ಹೊಸ ಹೊಸ ಉತ್ತರ ಕೊಟ್ಟ. ಟೀಚರಮ್ಮ ಕೊನೆಯ ಚರಣ ಹಾಡಿದರು. ಅದಕ್ಕೂ ಒಂದು ಸೊಗಸಾದ ಉತ್ತರ ಬಂತು. ಹುಡುಗರು ಎದ್ದು ನಿಂತು ಕೂಗಿದರು. ಅವರನ್ನ ತಪ್ಪು ಅನ್ನೋಕೆ ಆಗಲ್ಲ, ನಾನು ಕೆಳಗೆ ಕೂತಿದ್ದರೆ ನಾನೂ ಕೂಗ್ತಿದ್ದೆ. ಅಂಥ ನುಡಿಸಾಣಿಕೆ ನನ್ನ ಜನ್ಮದಲ್ಲಿ ಕೇಳಿಲ್ಲ. ಕೊನೆಗೆ ನಾನೇ ಸಿಂಬಲ್ಲಿಗೆ ಜೋರಾಗಿ ಹೊಡೆದು ನಿಲ್ಲಿಸಿದೆ. ಅವನು ಬೆಚ್ಚಿಬಿದ್ದ.

ಕೆಳಗಿಳಿದ ಮೇಲೆ ಅಣ್ಣ ಟೀಚರಮ್ಮನ ಹತ್ತಿರ ಹೋಗಿ, “ಆ ನಾಲ್ಕು ಸ್ವರ ಎಲ್ಲಿ ಸಿಕ್ತು ನಿಮಗೆ? ಭಾಳ ಚೆನ್ನಾಗಿದೆ, ಬಿಡಬೇಡಿ ಅದನ್ನ” ಅಂದ. ಟೀಚರಮ್ಮ “ಆಗಲಿ” ಅಂದು ವ್ಯಾನಿನ ಹಿಂದೆ ಹೋಗಿ ಅತ್ತರು.

ಕನ್ನಡಕದವರು ಬಂದರು. ಬರದೆ ಬಿಡ್ತಾರಾ? ಉಗ್ರಾಣದ ಶೋ ಎರಡನೇ ಸ್ಥಾನಕ್ಕೆ ಇಳೀತು, ಇನ್ನು ಕಾಲೇಜಿನದೇ ಮೊದಲು, ವಾಪಸ್-ಬಾವನ್ನೇ ಬುಡಮೇಲು ಮಾಡಿ ತೋರಿಸಿಬಿಟ್ಟರು ನಿಮ್ಮಣ್ಣ, ಈ ವಿಷಯವಾಗಿ ಅಭಿಮಾನಿಗಳಲ್ಲಿ ಎರಡು ಪಾರ್ಟಿ ಆಗಿದೆ ಅಂತ ಕೈ ಬಾಯಿ ತಿರುಗಿಸ್ತಾ ಹೇಳಿದರು. ನನಗೆ ರೇಗಿಹೋಯ್ತು. “ಅವನಿಗೆ ಅದು ನೆನಪಿಲ್ಲ ಕಣ್ರೀ! ಕಾಯಿಲೆ ಅವನಿಗೆ!” ಅಂತ ಅಂಗಡಿ ಅದುರೋ ಹಾಗೆ ಕೂಗಿದೆ. ಬಟ್ಟೆ ಕೊಡೋಕೆ ಬಂದವರೆಲ್ಲ ತಿರುಗಿ ನೋಡಿದರು. ಕನ್ನಡಕದವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. “ಹಾಗಾದರೆ ನಾವು ಮೆಚ್ಚಿದ್ದು ತಪ್ಪಾಯ್ತಾ?” ಅಂತ ಕೇಳಿದರು. ನಾನು ಬಂದ ಬಟ್ಟೆ ಎಣಿಸೋಕೆ ತಿರುಗಿದೆ.

ನೀನು ಮುಂದಿನ ತಿಂಗಳು ಹೇಗಾದರೂ ಬರ್ತೀನಿ ಅಂತ ಬರೆದಿದ್ದೀಯ. ಬಂದರೆ ನಿನ್ನ ಕಾಲು ಮುರೀತೀನಿ. ಹೆರಿಗೆ ಆಗಲಿ. ಅಣ್ಣ ಇನ್ನೂ ನಿನ್ನ ಹೆಸರು ಹೇಳ್ತಾನೆ. ಇಸ್ತ್ರಿ ಮೇಜಿನ ಕೆಳಗೆ ಬಗ್ಗಿ ನೋಡಿ ಹೇಳ್ತಾನೆ. ನೀನು ಯಾವ ವಯಸ್ಸಿನವಳು ಅಂತ ಅವನಿಗೆ ಸರಿಯಾಗಿ ತಿಳಿದಿಲ್ಲ.

ಚಿಕ್ಕಪ್ಪ


ಜುಲೈ ೩

ಪ್ರೀತಿಯ ಪುಟ್ಟಿ,

ಮಗಳು ಹುಟ್ಟಿದ್ದಾಳೆ ಅಂತ ನಿನ್ನ ಗಂಡ ಬರೆದ ಕಾರ್ಡು ಬಂತು. ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಮಾಂಸದ ಅಂಗಡಿಯವನಿಗೂ. ಕೋಟು ಮಾತ್ರ ಅವನು ಇನ್ನೂ ಕೊಟ್ಟಿಲ್ಲ. ಮಗುವಿನ ಮೂಗು ನಮ್ಮ ಕಡೆಯದ್ದು ಅಂತ ಬರೆದಿದ್ದಾನೆ ನಿನ್ನ ಗಂಡ, ಪಾಪ ಮಗು. ನಿನ್ನ ಚಿಕ್ಕಮ್ಮ ಹೆಣೆದ ಟೋಪಿ ಸ್ವೆಟರು ಈ ಪೊಟ್ಟಣದಲ್ಲಿವೆ. ನಿಮ್ಮೂರಿನ ಸೆಕೆಯಲ್ಲಿ ಉಣ್ಣೆ ಯಾಕೇ ಅಂದರೆ, ಮಕ್ಕಳಿಗೆ ಚಳಿ ಬೇಗ ಆಗುತ್ತೆ ಅಂತ ನನಗೇ ಗದರಿದಳು.

ಅಣ್ಣನಿಗೂ ಹೇಳಿದೆ. “ನಿನಗೆ ಮೊಮ್ಮಗಳು ಹುಟ್ಟಿದಾಳೆ” ಅಂದೆ. “ಸಂತೋಷ, ತುಂಬ ಸಂತೋಷ” ಅಂದ. ಗಿರಾಕಿಗಳ ಮನೆ ಸುದ್ದಿ ಕೇಳಿದಾಗ ಹೇಳ್ತಾನಲ್ಲ, ಹಾಗೆ.

ಇಷ್ಟು ದಿನ ಬರೆಯಲಿಲ್ಲ ಅಂತ ನಿನಗೆ ಕೋಪ ಇರುತ್ತೆ. ಬ್ಯಾಂಡು ಮುಗೀತು ಪುಟ್ಟಿ. ಮೇ ಕೊನೆಯ ಭಾನುವಾರ ಮಧ್ಯಾಹ್ನ ಕೊನೆಯ ಶೋ ಆಯ್ತು. ನಿನಗೆ ದಿನ ತುಂಬಿತ್ತು, ಹೇಳಿದ್ದರೆ ನೀನು ಹೊರಟುಬಿಡ್ತಿದ್ದೆ. ಅದಕ್ಕೇ ಎಲ್ಲರ ಬಾಯಿ ಮುಚ್ಚಿಸಿದೆ. ಬೈಯೋದಾದರೆ ನನ್ನೊಬ್ಬನನ್ನೇ ಬೈ.

ಕೊನೆಯದು ಅಂತ ನಮಗೆ ಮೂವರಿಗೆ ಗೊತ್ತಿತ್ತು, ಅವನಿಗಿಲ್ಲ. ಪ್ರಾಕ್ಟೀಸಿಗೆ ಕೂತರೆ ಯಾವ ಹಾಡೂ ಅವನಿಗೆ ಹತ್ತುತ್ತಿರಲಿಲ್ಲ. ಎರಡು ಚರಣ ಅಂದರೇನು ಅನ್ನೋ ಹಾಗೆ ನಮ್ಮನ್ನೇ ನೋಡ್ತಿದ್ದ. ನಾನು ಬೇಡ, ರದ್ದು ಮಾಡೋಣ ಅಂದೆ. ಟೀಚರಮ್ಮ ಒಪ್ಪಲಿಲ್ಲ. “ಹಾಡೇ ಬೇಡ. ಅವರು ಎಲ್ಲಿ ಶುರು ಮಾಡ್ತಾರೋ ಅಲ್ಲಿಂದ ಹೋಗೋಣ, ಎಲ್ಲಿಗೆ ಹೋಗ್ತಾರೋ ಅಲ್ಲಿಗೆ. ಕರೆಯೋದು ಮಾತ್ರ ಬೇಡ, ನನ್ನ ಕೈಲಿ ಆಗಲ್ಲ” ಅಂದರು. ನಾನು ಮೌನಿ ಕಡೆ ನೋಡಿದೆ. ಅವನು ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬಂದವನು, ಕೈಯಲ್ಲಿ ಇನ್ನೂ ಗ್ರೀಸು. “ಹೋಗೋಣ” ಅಂದ.

ಚಿಕ್ಕ ನಾಟಕದ ಹಾಲು. ಎದುರಿಗೆ ಕನ್ನಡಕದವರು, ಊರುಗೋಲು, ಮೈಕು. ಅಣ್ಣ ಸ್ಟೇಜಿನ ಮೇಲೆ ನಿಂತು ತಂತಿ ಬಿಗಿ ಮಾಡೋಕೆ ಶುರು ಮಾಡಿದ. ಒಂದೇ ತಂತಿ. ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ಜನ ಕಾದರು. ಅವನಿಗೆ ಶ್ರುತಿ ಸಿಗ್ತಿಲ್ಲ, ಎಲ್ಲಿಗೆ ತಂದು ನಿಲ್ಲಿಸಬೇಕು ಅಂತ ಗೊತ್ತಾಗ್ತಿಲ್ಲ. ಎದ್ದು ಹೋಗಿ ಕೈ ಹಿಡಿದು ಕರೆದುಕೊಂಡು ಬಂದುಬಿಡೋಣ ಅನ್ನಿಸ್ತು. ಅಷ್ಟರಲ್ಲಿ ಟೀಚರಮ್ಮ ಆ ಏರಿಳಿತದ ಕೆಳಗೆ ಒಂದು ಉದ್ದನೆಯ ಸ್ವರ ಹಿಡಿದು ಇಟ್ಟರು. ಮೌನಿ ಇನ್ನೊಂದು ಇಟ್ಟ. ಈಗ ಆ ತಂತಿ ಎಲ್ಲಿಗೆ ಹೋದರೂ ಅದಕ್ಕೊಂದು ನೆಲ ಸಿಕ್ಕಿತು. ನಾನು ಬ್ರಷ್ ತಗೊಂಡು ಮೆಲ್ಲಗೆ ಸವರಿದೆ. ಅಣ್ಣ ತಲೆ ಎತ್ತಿದ. ನುಡಿಸೋಕೆ ಹತ್ತಿದ.

ಹೇಗಿತ್ತು ಅಂತ ಬರೆಯೋಕೆ ಹೋಗಿ ಹಾಳೆ ಹರಿದು ಹಾಕಿದ್ದೀನಿ. ನೀನು ಕೇಳ್ತೀಯಲ್ಲ, ರೆಕಾರ್ಡಿಂಗ್ ಟೋಪಿಯೊಳಗೆ ಸುತ್ತಿ ಇಟ್ಟಿದ್ದೀನಿ. ಇಷ್ಟು ಮಾತ್ರ ಹೇಳ್ತೀನಿ. ನಮ್ಮ ಕೈಯಲ್ಲಿ ಇಷ್ಟು ವರ್ಷ ಸೇರಿಕೊಂಡಿದ್ದ ಚಾಲಾಕಿ ಎಲ್ಲ ಅವತ್ತು ಬಿಟ್ಟುಹೋಯ್ತು. ತೋರಿಸಿಕೊಳ್ಳೋದೂ ಇಲ್ಲ, ಗೆಲ್ಲೋದೂ ಇಲ್ಲ. ಅವನು ಒಂದು ಸ್ವರ ಇಟ್ಟು ಬಿಟ್ಟುಬಿಡೋನು, ಅದು ಪೂರ್ತಿ ಆರೋವರೆಗೂ ಕೇಳೋನು, ಆಮೇಲೆ ಇನ್ನೊಂದು. ಮಧ್ಯೆ ಒಂದು ಕಡೆ ಅವನು ಮೌನಿ ಇಬ್ಬರೇ ನುಡಿಸ್ತಾರೆ ನೋಡು, ನಾನು ಕೋಲು ತೊಡೆಯ ಮೇಲಿಟ್ಟು ಸುಮ್ಮನೆ ಕೂತಿದ್ದೆ. ನನ್ನ ಈ ಕೆಟ್ಟ ಕಿವಿಗೂ ಅದು ಕೇಳಿಸ್ತು. ಅದನ್ನ ಕೇಳ್ತಾ ಕೇಳ್ತಾನೇ, ಇನ್ನು ಇದು ಇಲ್ಲ, ನಾಳೆಯಿಂದ ಇಲ್ಲ ಅಂತ ತಲೆಯೊಳಗೆ ಓಡ್ತಾ ಇತ್ತು. ಅನುಭವಿಸೋಕೂ ಬಿಡಲಿಲ್ಲ ಹಾಳಾದ್ದು.

ಎಲ್ಲರೂ ಸೇರಿ ಜೋರಾಗಿ ಏರ್ತಾ ಇದ್ದೆವು. ಅಣ್ಣ ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದ. ಗಿಟಾರ್ ಕೊರಳಿಂದ ತೆಗೆದ, ಯಾರದ್ದೋ ವಸ್ತು ಅನ್ನೋ ಹಾಗೆ ಜೋಪಾನವಾಗಿ ನೆಲದ ಮೇಲಿಟ್ಟ, ಸ್ಟೇಜಿನ ಅಂಚಿನ ಮೆಟ್ಟಿಲಿಗೆ ಹೋಗಿ ನಮ್ಮ ಕಡೆ ತಿರುಗಿ ಕೂತ. ನಾವು ನುಡಿಸ್ತಾನೇ ಇದ್ದೀವಿ. ಅವನು ಕಾಲು ಕುಣಿಸ್ತಾ ಕೇಳ್ತಾ ಇದ್ದಾನೆ. ಮುಗಿಸೋದು ಹೇಗೆ ಅಂತ ನಮಗೆ ಮೂವರಿಗೂ ಗೊತ್ತಿಲ್ಲ, ಅವನು ಕರೆಯದೆ ಯಾವತ್ತೂ ಸರಿಯಾಗಿ ಮುಗಿಸಿದವರಲ್ಲ ನಾವು. ಮೊದಲು ಮೌನಿ ನಿಲ್ಲಿಸಿದ, ಆಮೇಲೆ ಟೀಚರಮ್ಮ, ಆಮೇಲೆ ನಾನು. ಹಾಲಿನಲ್ಲಿ ಇದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಮ್ಮಪ್ಪನೂ ಹೊಡೆದ. ಅವರ ಜೊತೆ ಎದ್ದು ನಿಂತು, ನಮ್ಮನ್ನ ನೋಡ್ತಾ. ಜನ ಅದನ್ನ ದೊಡ್ಡತನ ಅಂದುಕೊಂಡರು.

ಕನ್ನಡಕದವರು ಈ ಸಲ ಮಾರನೇ ದಿನ ಬರಲಿಲ್ಲ. ವಾರ ಕಳೆದು ಬಂದು ರೆಕಾರ್ಡಿಂಗ್ ಮೇಜಿನ ಮೇಲಿಟ್ಟು, “ಇದಕ್ಕೆ ನಾನು ಸ್ಥಾನ ಕೊಡಲ್ಲ” ಅಂದರು. ಬೇರೆ ಯಾರಿಗೂ ಇದರ ಪ್ರತಿ ಕೊಟ್ಟಿಲ್ಲವಂತೆ. ನಾನು ಚಹಾ ತರಿಸಿದೆ. ಇಬ್ಬರೂ ಕುಡಿದೆವು. ಮೆಚ್ಚಿದ್ದು ತಪ್ಪಾ ಅಂತ ಅವರು ಅವತ್ತು ಕೇಳಿದ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿ ಸುತ್ತುತ್ತಿದೆ. ಅಣ್ಣ ಕಳೆದುಹೋಗಿದ್ದಕ್ಕೇ ಅದು ಅಷ್ಟು ಚೆನ್ನಾಗಿತ್ತು ಅಂತ ಒಪ್ಪೋಕೆ ನನಗೆ ಮನಸ್ಸಿಲ್ಲ. ಚೆನ್ನಾಗಿರಲಿಲ್ಲ ಅಂದರೆ ಸುಳ್ಳಾಗುತ್ತೆ.

ಅವತ್ತಿನಿಂದ ಅವನು ಗಿಟಾರ್ ಮುಟ್ಟಿಲ್ಲ. ಅವನ ತೊಡೆಯ ಮೇಲೆ ಇಟ್ಟು ನೋಡಿದೆ. ಬಟ್ಟೆ ತಗೊಂಡು ಒರೆಸಿದ, ನಮ್ಮ ಲಾಂಡ್ರಿ ಚೀಟಿಯೊಂದನ್ನ ಅದರ ತಂತಿ ತಿರುಪೋ ಕಿವಿಗೆ ಕಟ್ಟಿ, ತಯಾರಾದ ಬಟ್ಟೆಗಳ ಸಾಲಿನಲ್ಲಿ ತಂದು ನಿಲ್ಲಿಸಿದ. ಅದರ ಯಜಮಾನರು ಬಂದರಾ ಅಂತ ದಿನಾ ಕೇಳ್ತಾನೆ. ಡಾಕ್ಟರ ಹತ್ತಿರ ಮತ್ತೆ ಹೋಗಿದ್ದೆ. ಈ ಸಲ ಅವರು ಬೇರೆ ಮಾತ್ರೆ ಕೂಡ ಬರೆಯಲಿಲ್ಲ.

ಮಗುವಿಗೆ ಯಾವ ಶೋ ಕೇಳಿಸಲಿ ಅಂತ ಕೇಳಿದ್ದೆ ನೀನು. ಇದನ್ನೇ ಕೇಳಿಸು. ಯಾರು ನುಡಿಸಿದ್ದು ಅಂತ ಅವಳಿಗೆ ನೀನೇ ಹೇಳಬೇಕಾಗುತ್ತೆ, ನಮ್ಮ ಯಾರ ಕೈಲೂ ಆಗಲ್ಲ. ಚೇತರಿಸಿಕೊಂಡ ಮೇಲೆ ಬಾ. ಅಪ್ಪ ಗುರುತು ಹಿಡೀತಾನೆ ಅಂತ ಆಸೆ ಇಟ್ಟುಕೊಂಡು ಬರಬೇಡ. ನಮ್ಮನ್ನ ನೋಡೋಕೆ ಬಾ. ಮಗು ಚೆನ್ನಾಗಿರಲಿ, ನೂರು ವರ್ಷ ಬಾಳಲಿ, ನಿನ್ನ ಮಡಿಲು ತಣ್ಣಗಿರಲಿ. ನಿನ್ನ ಗಂಡನಿಗೆ ಹೇಳು, ಅವನ ಅಡುಗೆ ವಿಷಯ ನಮ್ಮ ಮನೆಯಲ್ಲಿ ಇನ್ನೂ ಮರೆತಿಲ್ಲ ಅಂತ.

ಆಶೀರ್ವಾದಗಳೊಂದಿಗೆ,
ನಿನ್ನ ಚಿಕ್ಕಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಪೊಟ್ಟಣಕ್ಕೆ ಅಂಟು ಹಾಕಿ ಮತ್ತೆ ಬಿಚ್ಚಿದ್ದೀನಿ. ಅವತ್ತು ಶೋ ಮುಗಿದ ಮೇಲೆ ಸ್ಟೇಜಿನ ಹಿಂದಿನ ಕೋಣೆಯಲ್ಲಿ ನಾನು ಅಣ್ಣ ಇಬ್ಬರೇ ಇದ್ದೆವು. ನಾನು ಬೆವರು ಒರೆಸಿಕೊಳ್ತಾ ಕೂತಿದ್ದೆ. ಬಾಗಿಲ ಹತ್ತಿರ ನಿಂತಿದ್ದ ಅಣ್ಣ ಸಂಕೋಚ ಪಟ್ಟುಕೊಂಡು ಹತ್ತಿರ ಬಂದ, ಕೈ ಕುಲುಕಿದ. “ತುಂಬ ಚೆನ್ನಾಗಿ ಬಾರಿಸಿದ್ರಿ. ನಾನು ಎಷ್ಟೋ ಜನರನ್ನ ಕೇಳಿದೀನಿ, ನಿಮ್ಮ ಹಾಗೆ ಜೊತೆಗೆ ಬರೋರು ಸಿಗಲ್ಲ” ಅಂದ. “ನನ್ನ ತಮ್ಮನೂ ಡ್ರಮ್ಸ್ ಬಾರಿಸ್ತಾನೆ. ಇವತ್ತ್ಯಾಕೋ ಬರಲೇ ಇಲ್ಲ. ಅವನು ನಿಮ್ಮನ್ನ ಕೇಳಬೇಕಿತ್ತು” ಅಂದ. ಆಮೇಲೆ ಅತ್ತಿತ್ತ ನೋಡಿ, ನನ್ನ ಕಿವಿಗೆ ಬಾಗಿ ದನಿ ತಗ್ಗಿಸಿ, “ಅವನಿಗೆ ಹೇಳಬೇಡಿ, ನೀವು ಅವನಿಗಿಂತ ಎಷ್ಟೋ ವಾಸಿ” ಅಂತ ನಕ್ಕ. ಪುಟ್ಟಿ, ನಾನು ಕೋಲು ಹಿಡಿದ ದಿನದಿಂದ ಅವನ ಬಾಯಲ್ಲಿ ಒಂದು ‘ಚೆನ್ನಾಗಿದೆ’ ಕೇಳಬೇಕು ಅಂತ ಕಾದವನು. ಜಾಸ್ತಿ ಅಂದರೆ ‘ಪರವಾಗಿಲ್ಲ ಕಣೋ’ ಅಂತಿದ್ದ, ಅಷ್ಟೇ. ಅದು ಕೊನೆಗೂ ಬಂತು, ಯಾರೋ ಬೇರೆಯವನಿಗೆ. ಅವನ ಕೈ ಬಿಡೋಕೆ ನನಗೆ ಆಗಲಿಲ್ಲ. “ಹೇಳಲ್ಲ ಬಿಡಿ” ಅಂದೆ.